ಲೈಬ್ರರಿ ಅಪ್‌ಗ್ರೇಡ್ ಮಾಡಿದ ಮೇಲೆ ಪ್ರೋಗ್ರಾಮ್ ಓಡದಿದ್ದರೆ ಸರಿಪಡಿಸುವುದು ಹೇಗೆ?

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ದಿನದ ಮಳೆಯನ್ನು ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ನಡೆದುಬಂದಿದೆ. ಆ ಪುಸ್ತಕದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ, ಕಾಫಿ ಹೂ ಅರಳಿಸುವ ಹೂಮಳೆ ಯಾವ ವಾರ ಬಿತ್ತು, ಕಳೆದ ಸಾಲಿಗಿಂತ ಈ ಸಲ ಎಷ್ಟು ಕಡಿಮೆಯಾಯಿತು ಎಂದು ಲೆಕ್ಕ ತೆಗೆಯುವ ಒಂದು ಚಿಕ್ಕ ಪೈಥಾನ್ ಪ್ರೋಗ್ರಾಮ್ ನಿಮ್ಮಲ್ಲಿದೆ ಎಂದು ಇಟ್ಟುಕೊಳ್ಳೋಣ. ಅದು ಪಾಂಡಾಸ್ ಎಂಬ ಲೈಬ್ರರಿಯನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಪ್ಯಾಕೇಜನ್ನು, ನಂಬಿಕೊಂಡಿದೆ. ಪಾಂಡಾಸ್ ನಮ್‌ಪೈ ಎಂಬ ಇನ್ನೊಂದನ್ನು ನಂಬಿಕೊಂಡಿದೆ. ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ಗೂ ಅದೇ ನಮ್‌ಪೈ ಬೇಕು. ತನಗೆ ಯಾವ ಆವೃತ್ತಿಯ ನಮ್‌ಪೈ ಆಗುತ್ತದೆ ಎಂಬ ಷರತ್ತನ್ನು ಪ್ರತಿಯೊಂದು ಪ್ಯಾಕೇಜೂ ತನ್ನೊಳಗೆ ಬರೆದುಕೊಂಡಿರುತ್ತದೆ. ಒಂದನ್ನು ಅಪ್‌ಗ್ರೇಡ್ ಮಾಡಿದಾಗ ಮತ್ತೊಂದರ ಷರತ್ತು ತಪ್ಪಿದರೆ ಪ್ರೋಗ್ರಾಮ್ ನಿಲ್ಲುತ್ತದೆ. ಆದ್ದರಿಂದ ಏನನ್ನೂ ಅಳಿಸುವ ಮೊದಲು, ಮತ್ತೆ ಇನ್‌ಸ್ಟಾಲ್ ಮಾಡುವ ಮೊದಲು, ಯಾರ ಷರತ್ತು ಯಾರಿಂದ ತಪ್ಪಿದೆ ಎಂದು ಕಂಡುಕೊಳ್ಳಬೇಕು. ದುರಸ್ತಿಯ ಹೆಚ್ಚಿನ ಪಾಲು ಆ ಹುಡುಕಾಟದಲ್ಲೇ ಮುಗಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಳಗೆ ಕನ್ನಡದಲ್ಲಿ ಕೊಟ್ಟಿರುವ ಕಮಾಂಡ್‌ಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಇರುವುದನ್ನು ಮೊದಲು ಬರೆದಿಡಿ

ಪೈಥಾನ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಉಪಕರಣ ಪಿಪ್. ಅದಕ್ಕೆ ‘ಪಿಪ್ ಫ್ರೀಜ್’ ಎಂಬ ಕಮಾಂಡ್ ಕೊಟ್ಟರೆ ಈಗ ಇರುವ ಎಲ್ಲ ಪ್ಯಾಕೇಜ್‌ಗಳೂ ಅವುಗಳ ಆವೃತ್ತಿ ಸಂಖ್ಯೆಗಳೂ ಪಟ್ಟಿಯಾಗಿ ಬರುತ್ತವೆ. ಅದನ್ನು ದಿನಾಂಕ ಹಾಕಿದ ಫೈಲಿನಲ್ಲಿ ಉಳಿಸಿ. ಅಪ್‌ಗ್ರೇಡಿಗೆ ಮುಂಚೆ ತೆಗೆದ ಪಟ್ಟಿಯಾದರೆ ಹಿಂದಿನ ಸ್ಥಿತಿಗೆ ಮರಳಲು ಅದೊಂದೇ ಸಾಕು. ಆಗಲೇ ಕೆಟ್ಟಿದ್ದರೂ ಏನು ಬದಲಾಗಿದೆ ಎಂದು ಹೋಲಿಸಲು ಬೇಕಾಗುತ್ತದೆ.

ಆಮೇಲೆ ‘ಪೈಥಾನ್ -ಎಂ ವೆನ್ವ್ ಹೊಸದು’ ಎಂದು ಕೊಟ್ಟು ಪ್ರತ್ಯೇಕವಾದ ವರ್ಚುವಲ್ ಎನ್ವಿರಾನ್‌ಮೆಂಟ್ (ಚಿಕ್ಕದಾಗಿ ವೆನ್ವ್; ತನ್ನದೇ ಪ್ಯಾಕೇಜ್‌ಗಳಿರುವ ಬೇರೆ ಫೋಲ್ಡರ್) ಮಾಡಿಕೊಂಡು, ಅದನ್ನು ಆ್ಯಕ್ಟಿವೇಟ್ ಮಾಡಿ, ಪ್ರಯೋಗಗಳನ್ನೆಲ್ಲ ಅದರೊಳಗೇ ನಡೆಸಿ. ಹಳೆಯ ಎನ್ವಿರಾನ್‌ಮೆಂಟನ್ನು ಕೆಲಸ ಪೂರ್ತಿ ಮುಗಿಯುವ ತನಕ ಮುಟ್ಟಬೇಡಿ. ಲಿನಕ್ಸ್ ಬಳಸುವವರಿಗೆ ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಈಚೆಗೆ, ಸಿಸ್ಟಮ್‌ನ ಪೈಥಾನ್‌ಗೆ ಪಿಪ್ ಮೂಲಕ ನೇರವಾಗಿ ಇನ್‌ಸ್ಟಾಲ್ ಮಾಡಹೊರಟರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂಬ ಎರರ್ ಬಂದು ಕೆಲಸ ತಡೆಯುತ್ತದೆ. ಆ ತಡೆ ನಿಮ್ಮ ಒಳಿತಿಗೇ ಇದೆ, ಏಕೆಂದರೆ ಆಪರೇಟಿಂಗ್ ಸಿಸ್ಟಮ್‌ನ ಹಲವು ಉಪಕರಣಗಳು ಅದೇ ಪೈಥಾನನ್ನು ಬಳಸುತ್ತವೆ. ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ ಆಯ್ಕೆ ಕೊಟ್ಟು ತಡೆಯನ್ನು ದಾಟಲು ಹೋಗದೆ ವೆನ್ವ್ ಒಳಗೇ ಕೆಲಸ ಮಾಡಿ.

ಎರರ್ ಅನ್ನು ಪೂರ್ತಿ ಓದಿ

ಕೆಂಪು ಅಕ್ಷರದ ಉದ್ದನೆಯ ಎರರ್ ಕಂಡ ಕೂಡಲೇ ಅದರ ಮೊದಲ ಸಾಲನ್ನು ಕಾಪಿ ಮಾಡಿ ಇಂಟರ್‌ನೆಟ್ಟಿನಲ್ಲಿ ಹುಡುಕುವುದು ಎಲ್ಲರ ಅಭ್ಯಾಸ. ಆದರೆ ಉತ್ತರ ಸಾಮಾನ್ಯವಾಗಿ ಕೊನೆಯ ಸಾಲುಗಳಲ್ಲಿ ಇರುತ್ತದೆ. ‘ರೆಸಲ್ಯೂಷನ್ ಇಂಪಾಸಿಬಲ್’ ಎಂಬ ಎರರ್‌ನಲ್ಲಿ ‘ದಿ ಕಾನ್‌ಫ್ಲಿಕ್ಟ್ ಈಸ್ ಕಾಸ್ಡ್ ಬೈ’ ಎಂಬ ಸಾಲನ್ನು ಹುಡುಕಿ. ಅದರ ಕೆಳಗೆ ‘ನೀವು ಕೇಳಿದ್ದು ನಮ್‌ಪೈ 2.0.0’ ಎಂದೂ ‘ಪಾಂಡಾಸ್ 2.1.4ಕ್ಕೆ ಬೇಕಾದದ್ದು 2ಕ್ಕಿಂತ ಕಡಿಮೆಯ ನಮ್‌ಪೈ’ ಎಂದೂ ಎರಡು ಸಾಲುಗಳು ಕಂಡರೆ, ಜಗಳ ಯಾರ ನಡುವೆ ಎಂಬುದು ಅಲ್ಲೇ ತಿಳಿಯಿತು. ಪಿಪ್ ಹೀಗೆ ಸ್ಪಷ್ಟವಾಗಿ ಹೇಳತೊಡಗಿದ್ದು 2020ರ ನವೆಂಬರ್‌ನಲ್ಲಿ ಬಂದ 20.3ನೇ ಆವೃತ್ತಿಯಿಂದ. ಅದಕ್ಕೂ ಹಿಂದಿನ ಪಿಪ್ ಹೊಂದಿಕೆಯಾಗದ ಪ್ಯಾಕೇಜ್‌ಗಳನ್ನೂ ಇನ್‌ಸ್ಟಾಲ್ ಮಾಡಿಬಿಡುತ್ತಿತ್ತು. ನಿಮ್ಮ ಪಿಪ್ ಅಷ್ಟು ಹಳೆಯದಾಗಿದ್ದರೆ ಮೊದಲು ಅದನ್ನೇ ಅಪ್‌ಗ್ರೇಡ್ ಮಾಡಿ.

ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳ ನಡುವಣ ತಕರಾರು ತಿಳಿಯಲು ‘ಪಿಪ್ ಚೆಕ್’ ಇದೆ. ‘ಪಿಪ್ ಶೋ ನಮ್‌ಪೈ’ ಎಂದರೆ ಕೊನೆಯ ಸಾಲಿನಲ್ಲಿ, ‘ರಿಕ್ವೈರ್ಡ್ ಬೈ’ ಎಂಬುದರ ಮುಂದೆ, ನಮ್‌ಪೈಯನ್ನು ನಂಬಿಕೊಂಡ ಪ್ಯಾಕೇಜ್‌ಗಳ ಹೆಸರುಗಳು ಬರುತ್ತವೆ. ಇಡೀ ಕೊಂಡಿಯನ್ನು ಮರದಂತೆ ಬಿಡಿಸಿ ತೋರಿಸಲು ‘ಪಿಪ್‌ಡೆಪ್‌ಟ್ರೀ’ ಎಂಬ ಪ್ಯಾಕೇಜ್ ಸಿಗುತ್ತದೆ. ‘ರಿವರ್ಸ್’ ಆಯ್ಕೆಯೊಂದಿಗೆ ಓಡಿಸಿದರೆ ಕೆಳಗಿನಿಂದ ಮೇಲಕ್ಕೆ, ಅಂದರೆ ಯಾರು ಯಾರನ್ನು ತಡೆದು ನಿಲ್ಲಿಸಿದ್ದಾರೆ ಎಂಬ ದಿಕ್ಕಿನಲ್ಲಿ, ತೋರಿಸುತ್ತದೆ.

ಆದರೂ ‘ಪಿಪ್ ಚೆಕ್’ ಏನೂ ತೊಂದರೆಯಿಲ್ಲ ಎಂದ ಮಾತ್ರಕ್ಕೆ ನಂಬಬಾರದು. ನಮ್‌ಪೈ 2.0 ಬಿಡುಗಡೆಯಾದದ್ದು 2024ರ ಜೂನ್‌ನಲ್ಲಿ, 2006ರ 1.0 ಆದಮೇಲೆ ಮೊದಲ ಅಂಕಿ ಬದಲಾದದ್ದು ಆಗಲೇ. 1ರ ಸಾಲಿನ ನಮ್‌ಪೈ ಇಟ್ಟುಕೊಂಡು ಕಂಪೈಲ್ ಮಾಡಿದ ಮಾಡ್ಯೂಲ್‌ಗಳು 2.0ರಲ್ಲಿ ನಡೆಯುವುದಿಲ್ಲ. ಹೀಗಿದ್ದೂ ಪಾಂಡಾಸ್ 2.0.3ರ ಷರತ್ತಿನಲ್ಲಿ ನಮ್‌ಪೈಗೆ ಕೆಳಮಿತಿ ಮಾತ್ರ ಇದೆ, ಮೇಲ್ಮಿತಿ ಇಲ್ಲ, ಏಕೆಂದರೆ ಅದನ್ನು ಬರೆಯುವಾಗ 2.0 ಇನ್ನೂ ಹೊರಬಂದಿರಲಿಲ್ಲ. ಹಾಗಾಗಿ ಪಿಪ್ ಎರಡನ್ನೂ ಸದ್ದಿಲ್ಲದೆ ಕೂಡಿಸುತ್ತದೆ, ಚೆಕ್ ಕೂಡ ಒಪ್ಪುತ್ತದೆ; ಪ್ರೋಗ್ರಾಮ್ ಮಾತ್ರ ಲೈಬ್ರರಿಯನ್ನು ಒಳಗೆ ತಂದುಕೊಳ್ಳುವ ಇಂಪೋರ್ಟ್ ಸಾಲಿನಲ್ಲೇ ಬೀಳುತ್ತದೆ. ‘ಬೈನರಿ ಇನ್‌ಕಂಪ್ಯಾಟಿಬಿಲಿಟಿ’ ಎಂಬ ಮಾತಾಗಲಿ, ‘ಕಂಪೈಲ್ಡ್ ಯೂಸಿಂಗ್ ನಮ್‌ಪೈ 1.ಎಕ್ಸ್’ ಎಂಬ ಮಾತಾಗಲಿ ಎರರ್‌ನಲ್ಲಿ ಕಂಡರೆ ಕಾರಣ ಇದೇ. ಆದ್ದರಿಂದ ಚೆಕ್ ಆದ ಮೇಲೆ ಪ್ರತಿಯೊಂದು ಲೈಬ್ರರಿಯನ್ನೂ ಒಮ್ಮೆ ಇಂಪೋರ್ಟ್ ಮಾಡಿ ನೋಡಲೇಬೇಕು.

ಮೇಲಕ್ಕೋ ಕೆಳಕ್ಕೋ ತೀರ್ಮಾನಿಸಿ

ತಡೆಯುತ್ತಿರುವ ಪ್ಯಾಕೇಜ್ ಸಿಕ್ಕ ಮೇಲೆ ದಾರಿ ಎರಡೇ. ಅದರ ಹೊಸ ಆವೃತ್ತಿ ಬಂದಿದ್ದರೆ ಅದನ್ನೂ ಮೇಲಕ್ಕೆ ತನ್ನಿ: ನಮ್‌ಪೈ 2.0ಕ್ಕೆ ಹೊಂದುವ ಮೊದಲ ಪಾಂಡಾಸ್ 2.2.2. ಹೊಸ ಆವೃತ್ತಿಯೇ ಬಂದಿಲ್ಲವಾದರೆ, ಬೇಕಾದ ಪ್ಯಾಕೇಜ್‌ಗಳ ಪಟ್ಟಿಯಾದ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ನಮ್‌ಪೈ ಎದುರು ‘2ಕ್ಕಿಂತ ಕಡಿಮೆ’ ಎಂಬ ಮಿತಿ ಹಾಕಿ, ಯಾಕೆ ಹಾಕಿದಿರಿ ಎಂಬುದನ್ನು ಪಕ್ಕದಲ್ಲೇ ಕಾಮೆಂಟ್ ಆಗಿ ಬರೆಯಿರಿ. ಕಾರಣ ಬರೆಯದ ಮಿತಿಯನ್ನು ತೆಗೆಯಲು ಮುಂದೆ ಯಾರಿಗೂ ಧೈರ್ಯ ಬರುವುದಿಲ್ಲ.

ಇಲ್ಲಿ ಪೈಥಾನ್‌ನ ಆವೃತ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪೈಥಾನ್ 3.13ಕ್ಕೆ ಸಿದ್ಧ ವೀಲ್ ಫೈಲುಗಳು, ಅಂದರೆ ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್ ಫೈಲುಗಳು, ಇರುವುದು ನಮ್‌ಪೈ 2.1ರಿಂದ ಮುಂದಕ್ಕೆ. ಹೊಸ ಲ್ಯಾಪ್‌ಟಾಪ್‌ಗೆ 3.13 ಹಾಕಿಕೊಂಡು ನಮ್‌ಪೈ 1.26 ಕೇಳಿದರೆ ಪಿಪ್ ಅದನ್ನು ಮೂಲ ಕೋಡ್‌ನಿಂದ ಕಟ್ಟಲು ಹೊರಡುತ್ತದೆ, ಸಿ ಕಂಪೈಲರ್ ಇಲ್ಲದ ಯಂತ್ರದಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಹಳೆಯ ನಮ್‌ಪೈ ಅನಿವಾರ್ಯವಾದರೆ ಪೈಥಾನ್ 3.12ರಲ್ಲೇ ವೆನ್ವ್ ಮಾಡಿ.

ಮೂರು ಅಂಕಿಗಳ ಆವೃತ್ತಿ ಸಂಖ್ಯೆಯಲ್ಲಿ ಮೊದಲ ಅಂಕಿ ಬದಲಾದಾಗ ಮಾತ್ರ ಹಳೆಯ ಕೋಡ್ ಕೆಡಬಹುದು ಎಂಬ ಮಾತನ್ನು ಪೂರ್ತಿ ನೆಚ್ಚಿಕೊಳ್ಳಬೇಡಿ. ನಮ್‌ಪೈಯಲ್ಲಿ ‘ಎನ್‌ಪಿ.ಇಂಟ್’, ‘ಎನ್‌ಪಿ.ಫ್ಲೋಟ್’ ಎಂಬ ಹೆಸರುಗಳು 1.20ರಲ್ಲಿ ‘ಮುಂದೆ ಇರುವುದಿಲ್ಲ’ ಎಂಬ ಎಚ್ಚರಿಕೆಗೆ ಒಳಗಾಗಿ 1.24ರಲ್ಲಿ ಹೋಗಿಯೇಬಿಟ್ಟವು. ‘ಡೆಪ್ರಿಕೇಷನ್ ವಾರ್ನಿಂಗ್’ ಎಂದು ಬರುವ ಎಚ್ಚರಿಕೆಗಳನ್ನು ಅಪ್‌ಗ್ರೇಡಿಗೆ ಮುಂಚೆಯೇ ಒಂದೊಂದಾಗಿ ತೀರಿಸಿಕೊಂಡರೆ ಮುಂದಿನ ಕೆಲಸ ಬಹಳ ಹಗುರವಾಗುತ್ತದೆ.

ಎಲ್ಲವನ್ನೂ ಒಂದೇ ಕಮಾಂಡಿನಲ್ಲಿ ಕೊಡಿ

ಒಂದು ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು ಎಂದು ಹೋದರೆ, ಪಿಪ್ ಆಯಾ ಕಮಾಂಡಿನಲ್ಲಿ ಕೇಳಿದ್ದರ ಷರತ್ತುಗಳನ್ನು ಮಾತ್ರ ನೋಡುತ್ತದೆ. ಆಗಲೇ ಇರುವ ಉಳಿದೆಲ್ಲ ಪ್ಯಾಕೇಜ್‌ಗಳ ಷರತ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರನೆಯದು ಬಂದು ಮೊದಲನೆಯದನ್ನು ಕೆಡಿಸುವುದು ಹೀಗೆ. ಬೇಕಾದ ಪ್ಯಾಕೇಜ್‌ಗಳನ್ನೆಲ್ಲ ಒಂದು ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಬರೆದು, ‘ಪಿಪ್ ಇನ್‌ಸ್ಟಾಲ್ -ಆರ್’ ಮೂಲಕ ಒಟ್ಟಿಗೆ ಕೊಟ್ಟರೆ ಎಲ್ಲರ ಷರತ್ತುಗಳನ್ನೂ ಕೂಡಿಸಿ ನೋಡಿ ತೀರ್ಮಾನಿಸುತ್ತದೆ. ‘ಡ್ರೈ ರನ್’ ಆಯ್ಕೆಯನ್ನು ಜೊತೆಗೆ ಕೊಟ್ಟರೆ ಏನೇನು ಬದಲಾಗಲಿದೆ ಎಂದು ಮುಂಚಿತವಾಗಿ ಹೇಳುತ್ತದೆ.

ಜಾವಾಸ್ಕ್ರಿಪ್ಟ್ ಬಳಸುವವರು, ಪಿಪ್‌ನಂಥದ್ದೇ ತಮ್ಮ ಉಪಕರಣವಾದ ಎನ್‌ಪಿಎಂನಲ್ಲಿ ಹೊಂದಾಣಿಕೆ ತಪ್ಪಿದೆ ಎನ್ನುವ ‘ಇರಿಸಾಲ್ವ್’ ಎರರ್ ಬಂದಾಗ ‘ಫೋರ್ಸ್’ ಅಥವಾ ‘ಲೆಗಸಿ ಪಿಯರ್ ಡೆಪ್ಸ್’ ಆಯ್ಕೆ ಕೊಟ್ಟು ಮುಂದೆ ಹೋಗುವುದುಂಟು. ಅದರಿಂದ ಎರರ್ ಮಾಯವಾಗುತ್ತದೆ, ಹೊಂದಾಣಿಕೆಯಿಲ್ಲದ ಪ್ಯಾಕೇಜ್‌ಗಳು ಹಾಗೆಯೇ ಉಳಿಯುತ್ತವೆ.

ಉತ್ತರ ಸರಿಯಿದೆಯೇ ಎಂದು ಕೈಲೆಕ್ಕದಿಂದ ನೋಡಿ

ಪ್ರೋಗ್ರಾಮ್ ಓಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಮ್ಮ ಮಳೆ ಪುಸ್ತಕಗಳಲ್ಲಿ ತಾರೀಕನ್ನು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತೇವೆ. 2.0ಕ್ಕೆ ಹಿಂದಿನ ಪಾಂಡಾಸ್, ಕ್ರಮ ಯಾವುದೆಂದು ಹೇಳದಿದ್ದರೆ, ಪ್ರತಿಯೊಂದು ತಾರೀಕನ್ನೂ ಬೇರೆ ಬೇರೆಯಾಗಿ ಊಹಿಸುತ್ತಿತ್ತು: 12-04-2022 ಎಂಬುದನ್ನು ಡಿಸೆಂಬರ್ 4 ಎಂದೂ, ಮರುದಿನದ 13-04-2022 ಎಂಬುದನ್ನು ಏಪ್ರಿಲ್ 13 ಎಂದೂ ಓದುತ್ತಿತ್ತು. ಏಪ್ರಿಲ್‌ನ ಹೂಮಳೆ ಹೀಗೆ ಡಿಸೆಂಬರ್ ಲೆಕ್ಕಕ್ಕೆ ಹೋಗಿ ಕೂರುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಬಂದ 2.0 ಮೊದಲ ತಾರೀಕನ್ನು ನೋಡಿ ಒಂದು ಕ್ರಮ ಹಿಡಿದು ಎಲ್ಲಕ್ಕೂ ಅದನ್ನೇ ಅನ್ವಯಿಸುತ್ತದೆ. ಪಟ್ಟಿ 01-04-2022ರಿಂದ ಶುರುವಾದರೆ 13ನೇ ತಾರೀಕಿಗೆ ಬಂದಾಗ ಎರರ್ ಕೊಟ್ಟು ನಿಲ್ಲುತ್ತದೆ. ಅಪ್‌ಗ್ರೇಡ್ ಕೆಡಿಸಿತು ಎಂದು ಅನ್ನಿಸುವುದು ಸಹಜವಾದರೂ, ಹಳೆಯ ತಪ್ಪನ್ನು ಅದು ಹೊರಗೆಳೆದಿದೆ ಅಷ್ಟೆ. ‘ಡೇಫಸ್ಟ್’ ಆಯ್ಕೆಯನ್ನಾಗಲಿ ತಾರೀಕಿನ ನಿಖರವಾದ ಫಾರ್ಮ್ಯಾಟನ್ನಾಗಲಿ ಕೋಡಿನಲ್ಲೇ ಬರೆದರೆ ಇದು ಸರಿಹೋಗುತ್ತದೆ. ಫೈಲಿನಲ್ಲಿ 12ನೇ ತಾರೀಕಿನವರೆಗಿನ ಅಂಕಿಗಳಷ್ಟೇ ಇದ್ದರೆ ಎರರ್ ಕೂಡ ಬರುವುದಿಲ್ಲ, ತಿಂಗಳುಗಳು ಮಾತ್ರ ತಪ್ಪಾಗಿರುತ್ತವೆ. ಆದ್ದರಿಂದ ಪುಸ್ತಕದಿಂದ ಒಂದು ತಿಂಗಳ ಮಳೆಯನ್ನು ಕೈಯಲ್ಲಿ ಕೂಡಿ, 100 ಸೆಂಟಿಗೆ 1 ಇಂಚಿನಂತೆ ಲೆಕ್ಕ ಮಾಡಿ, ಹಳೆಯ ಎನ್ವಿರಾನ್‌ಮೆಂಟಿನ ಉತ್ತರದೊಂದಿಗೂ ಹೊಸದರ ಉತ್ತರದೊಂದಿಗೂ ತಾಳೆ ನೋಡಿ.

ಸರಿಯಾದದ್ದನ್ನು ಕಾಪಾಡಿಕೊಳ್ಳಿ

ತಾಳೆಯಾದ ಮೇಲೆ ಮತ್ತೊಮ್ಮೆ ‘ಪಿಪ್ ಫ್ರೀಜ್’ ಮಾಡಿ ಆ ಪಟ್ಟಿಯನ್ನು ಕೋಡಿನ ಜೊತೆಗೇ ಇಡಿ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಹೋದರೆ ಯಾವಾಗ ಬರುತ್ತವೆ ಎಂದು ಹೇಳಲಾಗದು. ಡೌನ್‌ಲೋಡ್ ನಡುವೆ ನಿಂತರೆ ದುರಸ್ತಿಯೂ ನಿಲ್ಲುತ್ತದೆ. ಅದಕ್ಕಾಗಿ ನೆಟ್‌ವರ್ಕ್ ಇರುವಾಗಲೇ ‘ಪಿಪ್ ಡೌನ್‌ಲೋಡ್ -ಆರ್’ ಎಂದು ಕೊಟ್ಟು ಎಲ್ಲ ವೀಲ್ ಫೈಲುಗಳನ್ನು ಒಂದು ಫೋಲ್ಡರಿಗೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ‘ನೋ ಇಂಡೆಕ್ಸ್’ ಮತ್ತು ‘ಫೈಂಡ್ ಲಿಂಕ್ಸ್’ ಎಂಬ ಎರಡು ಆಯ್ಕೆಗಳೊಂದಿಗೆ ಆ ಫೋಲ್ಡರಿನ ದಾರಿ ತೋರಿಸಿದರೆ ಇಂಟರ್‌ನೆಟ್ ಇಲ್ಲದೆಯೇ ಕೆಲಸವಾಗುತ್ತದೆ. ವಿಂಡೋಸ್‌ನಲ್ಲಿ ಇಳಿಸಿದ ನಮ್‌ಪೈ ವೀಲ್ ಲಿನಕ್ಸ್‌ಗೆ ಆಗುವುದಿಲ್ಲ, ಪೈಥಾನ್ 3.12ರದ್ದು 3.13ಕ್ಕೆ ಆಗುವುದಿಲ್ಲ; ಯಾವ ಯಂತ್ರದಲ್ಲಿ ಪ್ರೋಗ್ರಾಮ್ ಓಡಬೇಕೋ ಅದೇ ಸಿಸ್ಟಮ್, ಅದೇ ಪೈಥಾನ್ ಆವೃತ್ತಿ ಇರುವ ಕಂಪ್ಯೂಟರಿನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.