ನೀವು ಕಾಯುತ್ತಿರುವ ಫೀಚರ್ ಎಲ್ಲಿಯವರೆಗೆ ಬಂತು? ಹೀಗೆ ನೋಡಿ

ಶಿರಸಿ, ಯಲ್ಲಾಪುರ ಕಡೆ ಅಡಿಕೆ ಲೆಕ್ಕಕ್ಕೆ ಲಿಬ್ರೆಆಫೀಸ್ ಕ್ಯಾಲ್ಕ್ ಬಳಸುವವರು, ತೋಟದ ನಕ್ಷೆಗೆ ಕ್ಯೂಜಿಐಎಸ್ ಹಿಡಿದವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ಆ ಫೀಚರ್ ಯಾವಾಗ ಬರುತ್ತದೆ? ಇವೆರಡೂ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುತ್ತದೆ, ಕೆಲಸ ಎಲ್ಲರ ಕಣ್ಣೆದುರೇ ನಡೆಯುತ್ತದೆ. ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಮೊದಲು ಅದರ ಇಶ್ಯೂ ಹುಡುಕಿ, ಅಂದರೆ ಆ ಬೇಡಿಕೆ ಅಥವಾ ದೋಷ ದಾಖಲಾದ ಪುಟ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿರುವ ಪ್ರಾಜೆಕ್ಟ್ ಆದರೆ ಇಶ್ಯೂಸ್ ಟ್ಯಾಬ್, ಲಿಬ್ರೆಆಫೀಸ್ ಆದರೆ ಇಶ್ಯೂ ದಾಖಲಿಸುವ ಅದರದೇ ತಾಣ ಬಗ್‌ಜಿಲ್ಲಾ. ಮುಚ್ಚಿದವುಗಳಲ್ಲೂ ಹುಡುಕಿ, ಯಾಕೆಂದರೆ ಎಷ್ಟೋ ಸಲ ಒಂದನ್ನು ಡೂಪ್ಲಿಕೇಟ್ ಅಂತ ಮುಚ್ಚಿ ಅಸಲಿ ಇಶ್ಯೂಗೆ ಲಿಂಕ್ ಕೊಟ್ಟಿರುತ್ತಾರೆ. ಸಿಕ್ಕಿದರೆ ಸಬ್‌ಸ್ಕ್ರೈಬ್ ಒತ್ತಿ. ಬಗ್‌ಜಿಲ್ಲಾದಲ್ಲಿ ಸಿಸಿ ಪಟ್ಟಿಗೆ ಸೇರಿಕೊಳ್ಳಿ. ಆಮೇಲೆ ಮೇಲ್ ತಾನಾಗೇ ಬರುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುವ ನಮ್ಮ ಘಟ್ಟದ ಊರುಗಳಿಗೆ ಇದೇ ಒಳ್ಳೆಯದು.

ಇಶ್ಯೂ ಕೆಳಗೆ ನೂರಾರು ಜನ "ನನಗೂ ಬೇಕು" ಅಂದಿದ್ದರೆ ಅದು ಬೇಡಿಕೆ ಅಷ್ಟೇ. ಕೋಡ್ ಬಂದಿದೆಯಾ ನೋಡಿ, ಅಂದರೆ "ಈ ಕೋಡ್ ಸೇರಿಸಿಕೊಳ್ಳಿ" ಅನ್ನುವ ಪುಲ್ ರಿಕ್ವೆಸ್ಟ್. ಡ್ರಾಫ್ಟ್ ಅಂತಿದ್ದರೆ ಇನ್ನೂ ಬರೆಯುತ್ತಿದ್ದಾರೆ. ರಿವ್ಯೂ ಮಾಡುವವರು ಬದಲಾವಣೆ ಕೇಳಿ, ಬರೆದವರು ತಿಂಗಳುಗಟ್ಟಲೆ ಉತ್ತರ ಕೊಡದಿದ್ದರೆ ಕೆಲಸ ನಿಂತಿದೆ ಅಂತಲೇ ಅಂದುಕೊಳ್ಳಿ.

ಇನ್ನು ಮರ್ಜ್, ಅಂದರೆ ಆ ಕೋಡನ್ನು ಪ್ರಾಜೆಕ್ಟ್ ಒಳಗೆ ಸೇರಿಸಿಕೊಳ್ಳುವುದು. ಜನ ಜಾಸ್ತಿ ಎಡವುವುದು ಇಲ್ಲೇ. ಕೊನೆ ಕೊಯ್ದ ದಿನವೇ ಅಡಿಕೆ ಮಂಡಿಗೆ ಹೋಗುವುದಿಲ್ಲ, ಅಲ್ವಾ? ಮರ್ಜ್ ಆದ ಕೋಡ್ ಸಾಮಾನ್ಯವಾಗಿ ಮುಖ್ಯ ಬ್ರಾಂಚ್‌ಗೆ (ಮುಂದಿನ ವರ್ಷನ್ ತಯಾರಾಗುವ ಕೋಡ್‌ನ ಪ್ರತಿ) ಸೇರುತ್ತದೆ, ನಿಮ್ಮ ಕೈಗೆ ಬರುವುದು ಮುಂದಿನ ರಿಲೀಸ್‌ನಲ್ಲಿ. ಗಿಟ್‌ಹಬ್‌ನಲ್ಲಿ ಆ ಕಮಿಟ್ (ಬದಲಾವಣೆಯ ದಾಖಲೆ) ತೆರೆದರೆ ಅದು ಯಾವ್ಯಾವ ಟ್ಯಾಗ್‌ಗಳಲ್ಲಿದೆ, ಅಂದರೆ ರಿಲೀಸ್‌ಗಳ ಗುರುತುಗಳಲ್ಲಿದೆ ಅಂತ ತೋರಿಸುತ್ತದೆ. ನಿಮ್ಮ ವರ್ಷನ್ ಅಲ್ಲಿದ್ದರೆ ಫೀಚರ್ ಬಂದಿದೆ. ಬರೀ ಬ್ರಾಂಚ್ ಹೆಸರಿದ್ದರೆ ಕಾಯಬೇಕು. ಲಿಬ್ರೆಆಫೀಸ್‌ನಲ್ಲಿ ಇನ್ನೂ ಸುಲಭ: ಪ್ಯಾಚ್ (ಬದಲಾವಣೆಯ ಕೋಡ್) ಸೇರಿದ ಕೂಡಲೇ ಬಗ್‌ಜಿಲ್ಲಾದ ವೈಟ್‌ಬೋರ್ಡ್ ಜಾಗದಲ್ಲಿ ಟಾರ್ಗೆಟ್ ಅಂತ ವರ್ಷನ್ ನಂಬರ್ ಬೀಳುತ್ತದೆ. 2024ರಿಂದ ಆ ನಂಬರೇ ವರ್ಷ ಮತ್ತು ತಿಂಗಳು. 24.8 ಅಂದರೆ 2024ರ ಆಗಸ್ಟ್.

ಮೈಲ್‌ಸ್ಟೋನ್ (ಯಾವ ವರ್ಷನ್‌ಗೆ ಅಂತ ಇಟ್ಟ ಗುರಿ) ನೋಡಿ, ಆದರೆ ಪೂರ್ತಿ ನಂಬಬೇಡಿ. ಅದನ್ನು ಮುಂದೂಡುವುದು ಮಾಮೂಲು. ಫೀಚರ್ ಫ್ರೀಜ್, ಅಂದರೆ ಹೊಸ ಫೀಚರ್ ಸೇರಿಸುವುದು ನಿಲ್ಲುವ ದಿನಾಂಕ, ಹೆಚ್ಚು ಗಟ್ಟಿ. ಉದಾಹರಣೆಗೆ, ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ವರ್ಷಕ್ಕೊಮ್ಮೆ ಅಕ್ಟೋಬರ್‌ನಲ್ಲಿ ಹೊಸ ವರ್ಷನ್ ಬಿಡುತ್ತದೆ. ಮೇ ತಿಂಗಳ ಹೊತ್ತಿಗೆ ಬರುವ ಮೊದಲ ಬೀಟಾ (ಪರೀಕ್ಷೆಗೆ ಬಿಡುವ ಆವೃತ್ತಿ) ಆದ ಮೇಲೆ ಹೊಸ ಫೀಚರ್ ಸೇರಿಸುವುದಿಲ್ಲ. ಅದು ತಪ್ಪಿದರೆ ಮುಂದಿನ ವರ್ಷವೇ.

ಕಾರವಾರ, ಕುಮಟಾದ ಕಾಲೇಜು ಹುಡುಗರಿಗೆ ಒಂದು ಮಾತು. ಲಿಬ್ರೆಆಫೀಸ್‌ನ ಡೈಲಿ ಬಿಲ್ಡ್ (ಇತ್ತೀಚಿನ ಕೋಡ್‌ನಿಂದ ಕಟ್ಟಿದ ಪರೀಕ್ಷಾ ಆವೃತ್ತಿ) ಅನ್ನು ಈಗಿರುವುದರ ಪಕ್ಕದಲ್ಲೇ ಹಾಕಿಕೊಳ್ಳಬಹುದು. ಮೂಲ ಫೈಲ್ ಮುಟ್ಟಬೇಡಿ, ನಕಲು ಮಾಡಿ ತೆರೆಯಿರಿ. ಒತ್ತಕ್ಷರ ಸರಿಯಾಗಿ ಮೂಡುತ್ತಿದೆಯಾ ಅಂತ ನಾವು ನೋಡದಿದ್ದರೆ ಇನ್ಯಾರು ನೋಡುತ್ತಾರೆ? ತೊಂದರೆ ಕಂಡರೆ ವರ್ಷನ್, ಆಪರೇಟಿಂಗ್ ಸಿಸ್ಟಂ, ಫಾಂಟ್ ಹೆಸರು, ಒಂದು ಸ್ಕ್ರೀನ್‌ಶಾಟ್ ಸೇರಿಸಿ ಅದೇ ಇಶ್ಯೂಗೆ ಬರೆಯಿರಿ.