‘ಸ್ತ್ರೀ’ ಬಿಡಿಸಿ ನೋಡಿ: ಕಂಪ್ಯೂಟರ್ ಕನ್ನಡವನ್ನು ಕೂಡಿಡುವ ಬಗೆ

ತೆರೆಯ ಮೇಲೆ ‘ಸ್ತ್ರೀ’ ಒಂದೇ ಅಕ್ಷರ. ಕಂಪ್ಯೂಟರಿನೊಳಗೆ ಅದು 6 ಸಂಕೇತ (ಅಕ್ಷರದ ಒಂದೊಂದು ಭಾಗಕ್ಕೂ ಒಂದೊಂದು ಸಂಖ್ಯೆ), 18 ಬೈಟ್ (ಕಂಪ್ಯೂಟರ್ ಮಾಹಿತಿಯ ಸಣ್ಣ ಅಳತೆ). ಕನ್ನಡ ಪಠ್ಯ ಕೆಡುವುದು ಬಹುಮಟ್ಟಿಗೆ ಈ ಲೆಕ್ಕ ತಪ್ಪಿದಾಗ. ಕಾಗದದ ಮೇಲೆ ಒಮ್ಮೆ ಬಿಡಿಸಿದರೆ ಗುಟ್ಟು ತಿಳಿಯುತ್ತದೆ.

ಹಂತ 1: ಉಚ್ಚಾರದ ಕ್ರಮದಲ್ಲಿ ಬಿಡಿಸಿ

ಸ, ವಿರಾಮ (್), ತ, ವಿರಾಮ, ರ, ಗುಡಿಸಿನ ದೀರ್ಘ (ೀ). ಗುಡಿಸು ಕಣ್ಣಿಗೆ ಕಾಣುವುದು ಸಕಾರದ ತಲೆಯ ಮೇಲೆ. ಸಾಲಿನಲ್ಲಿ ಅದರ ಜಾಗ ಕಟ್ಟಕಡೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಮಾನಕ ಕೂಡಿಡುವುದು ಉಚ್ಚಾರದ ಸರಣಿಯನ್ನು, ಆಕಾರವನ್ನಲ್ಲ. ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತವೇ ಇಲ್ಲ, ವಿರಾಮದ ನಂತರ ಬಂದ ವ್ಯಂಜನ ಒತ್ತಾಗುತ್ತದೆ.

ಹಂತ 2: ಸಂಖ್ಯೆ ಹಾಕಿ

ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327ರವರೆಗಿನ 128 ಮನೆಗಳು. ನಮ್ಮ ಅಕ್ಷರ ಹೀಗಾಗುತ್ತದೆ: 3256, 3277, 3236, 3277, 3248, 3264. ಭಾರತೀಯ ಲಿಪಿಗಳ ಸಂಕೇತಗಳಿಗಾಗಿದ್ದ ಇಸ್ಕಿ ಮಾನಕದ 1988ರ ಜೋಡಣೆಯನ್ನೇ ಯೂನಿಕೋಡ್ ಆಧಾರವಾಗಿಟ್ಟುಕೊಂಡದ್ದರಿಂದ ದೇವನಾಗರಿಯ ‘ಕ’ 2325, ತೆಲುಗಿನದು 3093, ಕನ್ನಡದ್ದು 3221. ಪಕ್ಕದ ಲಿಪಿಗೆ ಸರಿಯಾಗಿ 128ರ ಅಂತರ. ಸೊಗಸಾದ ವ್ಯವಸ್ಥೆ.

ಹಂತ 3: ಬೈಟ್‌ಗಳಾಗಿ ಒಡೆಯಿರಿ

ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಮೊದಲನೆಯದು ಯಾವಾಗಲೂ 224. ಸಂಖ್ಯೆಯನ್ನು 64ರಿಂದ ಭಾಗಿಸಿ, ಭಾಗಲಬ್ಧಕ್ಕೂ ಶೇಷಕ್ಕೂ 128 ಕೂಡಿಸಿದರೆ ಉಳಿದೆರಡು ಸಿಗುತ್ತವೆ. ‘ಸ’ ನೋಡಿ: 3256ರಲ್ಲಿ 64 ಐವತ್ತು ಸಲ ಹೋಗಿ 56 ಉಳಿಯುತ್ತದೆ. ಆದ್ದರಿಂದ 224, 178, 184. ಕನ್ನಡದಲ್ಲಿ ಎರಡನೇ ಬೈಟ್ 178 ಅಥವಾ 179 ಮಾತ್ರ.

ಕಡತ ತೆರೆದಾಗ ಲ್ಯಾಟಿನ್ ಅಕ್ಷರಗಳ ನಡುವೆ ಮೇಲೇರಿ ಕೂತ ಪುಟ್ಟ 2, 3 ಮತ್ತೆ ಮತ್ತೆ ಕಂಡರೆ ಅವು ಈ 178, 179ಗಳೇ. ತಂತ್ರಾಂಶ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದುತ್ತಿದೆ. ಉಳಿಸಬೇಡಿ, ಮುಚ್ಚಿ, ಯುಟಿಎಫ್-8 ಆರಿಸಿ ಮತ್ತೆ ತೆರೆಯಿರಿ, ಪಠ್ಯ ಹಾಗೇ ಸಿಗುತ್ತದೆ. ಪಠ್ಯವೇ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿದುಬಿಟ್ಟಿದ್ದರೆ ಮಾತ್ರ ಮೂಲ ಪ್ರತಿಯನ್ನೇ ಹುಡುಕಬೇಕು. ಡೇಟಾಬೇಸಿನಲ್ಲಿ 20 ಬೈಟ್ ಮಿತಿಯಿಟ್ಟರೆ ಹಿಡಿಸುವುದು 6 ಸಂಕೇತ, ಅಂದರೆ ಒಂದೇ ಒಂದು ‘ಸ್ತ್ರೀ’.

ಹಂತ 4: ತೆರೆಗೆ ಬಂದದ್ದನ್ನು ಪರೀಕ್ಷಿಸಿ

ಖಾಲಿ ಚೌಕ ಕಂಡರೆ ಫಾಂಟಿನಲ್ಲಿ ಆ ಅಕ್ಷರವಿಲ್ಲ. ಚುಕ್ಕಿಗಳ ವೃತ್ತ ಕಂಡರೆ ಗುಣಿತದ ಚಿಹ್ನೆಗೆ ಆಸರೆಯಾಗಬೇಕಾದ ವ್ಯಂಜನವಿಲ್ಲ, ಅಥವಾ ಚಿಹ್ನೆ ಎರಡು ಸಲ ಬಿದ್ದಿದೆ.

ಕಣ್ಣಿಗೆ ಕಾಣದ ದೋಷಗಳೇ ಹೆಚ್ಚು ಕಾಡುತ್ತವೆ. ‘ೋ’ ಚಿಹ್ನೆಯನ್ನು 3275 ಎಂದು ಒಂದೇ ಸಂಕೇತದಲ್ಲಿ ಬರೆಯಬಹುದು. 3270, 3266, 3285 ಎಂದು ಮೂರರಲ್ಲೂ ಬರೆಯಬಹುದು. ನೋಡಲು ಒಂದೇ, ಹುಡುಕಿದರೆ ಸಿಗದು. ಹೋಲಿಸುವ ಮುನ್ನ ಎರಡೂ ಪಠ್ಯಗಳನ್ನು, ಇಂಥ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ.

‘ರ‍್ಯಾಂಕ್’ ಪದದಲ್ಲಿ ರಕಾರಕ್ಕೂ ವಿರಾಮಕ್ಕೂ ನಡುವೆ 8205 ಎಂಬ ಅದೃಶ್ಯ ಸಂಕೇತವಿದೆ. ಪಠ್ಯ ಶುಚಿಗೊಳಿಸುವ ತಂತ್ರಾಂಶ ಅದನ್ನು ಅಳಿಸಿದರೆ ರಕಾರ ಅರ್ಕಾವೊತ್ತಾಗಿ ‘ರ್ಯಾಂಕ್’ ಆಗುತ್ತದೆ. ಅದನ್ನು ಉಳಿಸಿಕೊಳ್ಳಲೇಬೇಕು.

ಅಕಾರಾದಿ ಪಟ್ಟಿಗೂ ಎಚ್ಚರಿಕೆ ಬೇಕು. ‘ಳ’ 3251, ‘ವ’ 3253. ಬರೀ ಸಂಖ್ಯೆ ನೋಡಿ ಜೋಡಿಸಿದರೆ ಹಕಾರದ ನಂತರ ಬರಬೇಕಾದ ಳಕಾರ ವಕಾರಕ್ಕಿಂತ ಮುಂದೆ ನಿಲ್ಲುತ್ತದೆ. ಕನ್ನಡದ ಜೋಡಣೆ ನಿಯಮವನ್ನು ಆರಿಸಿದ ಮೇಲೆಯೇ ಪಟ್ಟಿ ಮಾಡಿ.