ಬಾಲ್ಸಾ ವಿಮಾನ: ಮೊದಲು ಮರ ಒಣಗಲಿ

ನೀರ್ಚಾಲಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ರವಿಕೆ, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರ್ಮು, ಇದೇ ಕೆಲಸ. ದುಬೈಯಲ್ಲಿರುವ ತಮ್ಮ ಒಮ್ಮೆ ರಜೆಗೆ ಬಂದಾಗ ನನ್ನ ಮಗನಿಗೆಂದು ಒಂದು ಪೆಟ್ಟಿಗೆ ತಂದ. ಒಳಗೆ ಬಾಲ್ಸಾ ಮರದ ತೆಳು ಹಾಳೆಗಳು, ಕಡ್ಡಿಗಳು, ಮಡಚಿಟ್ಟ ಒಂದು ದೊಡ್ಡ ನಕ್ಷೆ. ರೇಡಿಯೋ ಕಂಟ್ರೋಲ್ ವಿಮಾನದ ಕಿಟ್. ಮಗ ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ. ನಕ್ಷೆ ನೆಲಕ್ಕೆ ಹಾಸಿ ನೋಡಿದವನೇ, "ಅಮ್ಮಾ, ಇದು ನಿನ್ನ ರವಿಕೆ ಡ್ರಾಫ್ಟಿಂಗ್ ಹಾಗೇ ಉಂಟು" ಅಂದ. ನೋಡಿದರೆ ಹೌದು, ಹಾಗೇ ಇತ್ತು.

ಅಲ್ಲಿಂದ ಈವರೆಗೆ ನಾವಿಬ್ಬರೂ ಸೇರಿ ಮೂರು ವಿಮಾನ ಕಟ್ಟಿದ್ದೇವೆ. ಕಿಟ್ ಜೊತೆ ಬರುವ ಪುಸ್ತಕ ಚೆನ್ನಾಗಿಯೇ ಇರುತ್ತದೆ. ಆದರೆ ಅದರಲ್ಲಿ ನಮ್ಮ ಕಾಸರಗೋಡಿನ ಮಳೆಗಾಲ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದನ್ನು ನಾವು ಆಟಿ ತಿಂಗಳಲ್ಲಿ ಕಟ್ಟಿದೆವು. ಹೊರಗೆ ಜಡಿಮಳೆ, ಅಂಗಡಿಗೆ ಜನ ಕಮ್ಮಿ, ಕೈಯಲ್ಲಿ ಸಮಯ ಇತ್ತು. ಅಸ್ಥಿಪಂಜರ ಮುಗಿದದ್ದೇ ಮೇಲೆ ಹೊದಿಸುವ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನೂ (ಬಿಸಿ ತಾಗಿದರೆ ಬಿಗಿಯುವಂಥದ್ದು) ಇಸ್ತ್ರಿ ಹಾಕಿ ಅಂಟಿಸಿಬಿಟ್ಟೆವು. ತಂಬೂರಿ ತಂತಿಯಷ್ಟು ಬಿಗಿಯಾಗಿ ಕೂತಿತ್ತು. ಡಿಸೆಂಬರಿನಲ್ಲಿ ಕಪಾಟಿನಿಂದ ತೆಗೆದರೆ ಹಾಳೆಯೆಲ್ಲ ಸುಕ್ಕು. ಬಲ ರೆಕ್ಕೆಯ ಹಿಂದಿನ ಅಂಚು ತುದಿಯಲ್ಲಿ ಕೆಳಗೆ ತಿರುಚಿಕೊಂಡಿತ್ತು. ಹಾಗೇ ಹಾರಿಸಿದೆವು. ಕೈಬಿಟ್ಟ ತಕ್ಷಣ ಎಡಕ್ಕೆ ವಾಲಿ, ಗದ್ದೆಯ ಹುಣಿಗೆ ಹೊಡೆದು ಮೂಗು ಮುರಿಯಿತು. ಬಲ ರೆಕ್ಕೆಯ ಹಿಂದಿನ ಅಂಚು ಕೆಳಗಿದ್ದರೆ ಆ ರೆಕ್ಕೆ ಜಾಸ್ತಿ ಎತ್ತುತ್ತದೆ, ವಿಮಾನ ಎಡಕ್ಕೆ ಮಗುಚುತ್ತದೆ. ಮಗ ಆ ದಿನ ಊಟ ಮಾಡಲಿಲ್ಲ. ನನಗೂ ತುಂಬಾ ಬೇಸರವಾಯಿತು.

ಕಾರಣ ಹುಡುಕಿದಾಗ ನನಗೆ ಹೊಳೆದದ್ದು ನನ್ನದೇ ಕೆಲಸದ ಮಾತು. ಕಾಟನ್ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸದೆ ಯಾರಾದರೂ ಕತ್ತರಿಸುತ್ತಾರಾ? ಮೊದಲ ತೊಳೆತಕ್ಕೇ ಲೈನಿಂಗ್ ಒಂದು ಕಡೆ, ಬಟ್ಟೆ ಒಂದು ಕಡೆ ಆಗುತ್ತದೆ. ಮರವೂ ಹಾಗೆಯೇ. ಮಳೆಗಾಲದ ಗಾಳಿಯಿಂದ ತೇವ ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಹಿಗ್ಗು ಬಹಳ ಕಮ್ಮಿ, ಅಡ್ಡಕ್ಕೆ ಜಾಸ್ತಿ. ಹಿಗ್ಗಿದ ಮರಕ್ಕೆ ಹಾಳೆ ಬಿಗಿದರೆ ಮುಂದೆ ಸುಕ್ಕಾಗದೆ ಇರುವುದಿಲ್ಲ.

ಈಗ ನಾವು ಹೀಗೆ ಮಾಡುತ್ತೇವೆ. ಕಿಟ್ ಬಂದ ದಿನವೇ ಒಂದು ಬಾಲ್ಸಾ ಹಾಳೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಅದರ ಮೇಲೇ ಪೆನ್ಸಿಲಿನಲ್ಲಿ ತೂಕ ಬರೆಯುತ್ತೇವೆ. ವಾರಕ್ಕೊಮ್ಮೆ ತೂಗುತ್ತೇವೆ. ಜುಲೈಯಲ್ಲಿ 48 ಗ್ರಾಂ ಇದ್ದ ಒಂದು ಹಾಳೆ ಜನವರಿಗೆ 45ಕ್ಕೆ ಇಳಿದಿತ್ತು. ಎರಡು ವಾರ ತೂಕ ಬದಲಾಗದಿದ್ದರೆ ಮರ ತಯಾರಾಗಿದೆ ಎಂದು ಲೆಕ್ಕ. ದೀಪಾವಳಿ ಕಳೆದು, ಅಂಗಳದಲ್ಲಿ ಅಡಿಕೆ ಹರವುವ ದಿನಗಳು ಬಂದ ಮೇಲೆ ಕೆಲಸ ಶುರು. ಆದರೆ ಬಾಲ್ಸಾವನ್ನು ಅಡಿಕೆಯ ಹಾಗೆ ಬಿಸಿಲಿಗೆ ಹರವಬೇಡಿ. ಒಂದು ಮುಖ ಬೇಗ ಒಣಗಿ ಹಾಳೆ ದೋಣಿಯ ಹಾಗೆ ಬಾಗುತ್ತದೆ. ಕೋಣೆಯೊಳಗೆ ಹಾಳೆಗಳ ನಡುವೆ ಕಡ್ಡಿ ಇಟ್ಟು, ಮೇಲೆ ಸಮತಟ್ಟಾದ ಭಾರ ಹೇರಿ ಬಿಡಿ. ಮಳೆಗಾಲದಲ್ಲಿ ಕೈ ಕಟ್ಟಿ ಕೂರಬೇಕಾಗಿಲ್ಲ. ಬಿಡಿ ಭಾಗ ಜೋಡಿಸಬಹುದು, ಪಾಲಿಶ್ ಪೇಪರಿನಲ್ಲಿ ಉಜ್ಜಬಹುದು. ಬಣ್ಣದ ಹಾಳೆ ಬಿಗಿಯುವುದು ಮಾತ್ರ ಬೇಡ.

ಇನ್ನು ಮರದ ವಿಷಯ. ಬಾಲ್ಸಾ ದಕ್ಷಿಣ ಅಮೆರಿಕದ ಮರ, ಹೆಚ್ಚಿನದು ಎಕ್ವಡಾರ್ ದೇಶದಿಂದ ಬರುತ್ತದೆ. ಆರೇಳು ವರ್ಷಕ್ಕೇ ಕಡಿಯುವಷ್ಟು ಬೇಗ ಬೆಳೆಯುತ್ತದೆ, ಅದಕ್ಕೇ ಇಷ್ಟು ಹಗುರ. ಆದರೆ ಒಂದೇ ಪೆಟ್ಟಿಗೆಯ ಎರಡು ಹಾಳೆ ಒಂದೇ ಥರ ಇರುವುದಿಲ್ಲ. ಒಂದು ಬತ್ತಿಯಷ್ಟು ಮೆತ್ತಗೆ, ಇನ್ನೊಂದು ಗಟ್ಟಿ. ಕೆಲವು ಹಾಳೆಗಳ ಮೇಲೆ ಚುಕ್ಕೆ ಚುಕ್ಕೆ ಹೊಳಪು ಕಾಣುತ್ತದೆ. ಅವು ಅಡ್ಡಕ್ಕೆ ಬಾಗುವುದಿಲ್ಲ, ರಿಬ್ಬುಗಳಿಗೆ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿಗಳು) ಮತ್ತು ಬಾಲಕ್ಕೆ ಅವೇ ಒಳ್ಳೆಯದು. ಉದ್ದ ಗೆರೆಗಳಿರುವ ಹಾಳೆ ಅಡ್ಡಕ್ಕೆ ಸುಲಭವಾಗಿ ಸುತ್ತುತ್ತದೆ, ಬಾಗಿದ ಜಾಗಕ್ಕೆ ಅದು ಬೇಕು. ಬಟ್ಟೆಯಲ್ಲಿ ಉದ್ದ ಎಳೆ, ಕ್ರಾಸ್ ಪೀಸು ನೋಡಿ ಕತ್ತರಿಸುವವರಿಗೆ ಇದು ಒಂದೇ ದಿನದಲ್ಲಿ ಕೈಗೆ ಹತ್ತುತ್ತದೆ.

ಕತ್ತರಿಸುವ ಮೊದಲು ಸ್ಪಾರ್ ಕಡ್ಡಿಗಳನ್ನು ಆರಿಸಿ. ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ಕಡ್ಡಿಗೆ ಸ್ಪಾರ್ ಅನ್ನುತ್ತಾರೆ, ಮನೆಯ ತೊಲೆ ಇದ್ದ ಹಾಗೆ. ಪ್ರತಿ ಕಡ್ಡಿಯ ಒಂದು ತುದಿಯನ್ನು ಮೇಜಿನ ಅಂಚಿನಲ್ಲಿ ಒತ್ತಿ ಹಿಡಿಯಿರಿ, ಉಳಿದದ್ದು ಹೊರಗೆ ಚಾಚಿರಲಿ. ತುದಿಗೆ ಒಂದು ಬಟ್ಟೆ ಕ್ಲಿಪ್ ಸಿಕ್ಕಿಸಿ. ಎಷ್ಟು ಕೆಳಗೆ ಬಾಗಿತು ಎಂದು ಸ್ಕೇಲಿನಲ್ಲಿ ನೋಡಿ ಬರೆದುಕೊಳ್ಳಿ. ಒಂದೇ ಅಳತೆಗೆ ಬಾಗುವ ಎರಡು ಕಡ್ಡಿ ಒಂದು ಜೋಡಿ: ಒಂದು ಎಡ ರೆಕ್ಕೆಗೆ, ಒಂದು ಬಲ ರೆಕ್ಕೆಗೆ. ಹತ್ತು ನಿಮಿಷದ ಕೆಲಸ. ಇದನ್ನು ಮಾತ್ರ ಬಿಡಬೇಡಿ.

ಹಗುರದ ಹಾಳೆಗಳನ್ನು ಬಾಲಕ್ಕೆ ಎತ್ತಿಡಿ. ಬಾಲದಲ್ಲಿ ಒಂದು ಗ್ರಾಂ ಜಾಸ್ತಿಯಾದರೆ ಅದನ್ನು ಸರಿದೂಗಿಸಲು ಮೂಗಿನಲ್ಲಿ ಸುಮಾರು ಮೂರು ಗ್ರಾಂ ಇಡಬೇಕಾಗುತ್ತದೆ. ರೆಕ್ಕೆಯಿಂದ ನೋಡಿದರೆ ಮೂಗಿಗಿಂತ ಬಾಲ ದೂರ ಇದೆಯಲ್ವಾ, ಅದಕ್ಕೆ.

ಕಟ್ಟುವ ಜಾಗ ಪೂರ್ತಿ ಸಮತಟ್ಟಾಗಿರಬೇಕು. ನನ್ನ ಕಟಿಂಗ್ ಟೇಬಲ್ ಪ್ಲೈವುಡ್ಡಿನದು, ದಾರ ಎಳೆದು ನೋಡಿದರೆ ನಡುವೆ ಮೂರು ಮಿಲಿಮೀಟರ್ ತಗ್ಗು. ಮೊದಲ ರೆಕ್ಕೆ ಸೊಟ್ಟಗಾಗಲು ಇದೂ ಒಂದು ಕಾರಣ. ಈಗ ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡಿನ ಮೇಲೆ ಪಿನ್ ಚುಚ್ಚುವ ಸಾಫ್ಟ್‌ಬೋರ್ಡ್ ಹಾಕಿಕೊಂಡಿದ್ದೇವೆ. ಅದರ ಮೇಲೆ ನಕ್ಷೆ, ನಕ್ಷೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ. ಪ್ಲಾಸ್ಟಿಕ್ ಇಲ್ಲದಿದ್ದರೆ ರೆಕ್ಕೆ ನಕ್ಷೆಗೇ ಅಂಟಿಕೊಳ್ಳುತ್ತದೆ.

ಕೆಳಗಿನ ಸ್ಪಾರನ್ನು ಗೆರೆಯ ಮೇಲಿಟ್ಟು ಗುಂಡುಸೂಜಿಯಿಂದ ಹಿಡಿಸಿ. ಕಡ್ಡಿಯ ನಡುವೆ ಚುಚ್ಚಬೇಡಿ, ಅಲ್ಲೇ ಸೀಳು ಬಿಡುತ್ತದೆ. ಎರಡು ಬದಿಯಿಂದ ಓರೆಯಾಗಿ, ಸೂಜಿಗಳು ಕಡ್ಡಿಯ ಮೇಲೆ ಕತ್ತರಿಯ ಹಾಗೆ ದಾಟುವಂತೆ ಚುಚ್ಚಿ. ಆಮೇಲೆ ರಿಬ್ಬುಗಳು. ಲೇಸರಿನಲ್ಲಿ ಕತ್ತರಿಸಿದ ಅಂಚು ಕಪ್ಪಗಿರುತ್ತದೆ. ಆ ಕರಿ ಇದ್ದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, 220 ನಂಬರಿನ ಪಾಲಿಶ್ ಪೇಪರಿನಲ್ಲಿ ಒಂದೆರಡು ಸಲ ಸವರಿ. ರಿಬ್ ನೆಟ್ಟಗೆ ನಿಂತಿದೆಯಾ ಎಂದು ಮೂಲೆಮಟ್ಟ ಇಟ್ಟು ನೋಡಿ. ಅಂಟಿಲ್ಲದೆ ಎಲ್ಲ ಒಮ್ಮೆ ಜೋಡಿಸಿ ನೋಡಿಯೇ ಅಂಟು ತೆಗೆಯಿರಿ. ರವಿಕೆಗೆ ಕಚ್ಚಾ ಹೊಲಿಗೆ ಹಾಕಿ ನೋಡುವುದಿಲ್ಲವೇ, ಹಾಗೆ. ಮೇಲಿನ, ಕೆಳಗಿನ ಸ್ಪಾರುಗಳ ನಡುವೆ ತೆಳು ಹಲಗೆ ಮುಚ್ಚುವಾಗ ಅದರ ಎಳೆ ನಿಂತಿರಬೇಕು, ಮಲಗಿರಬಾರದು. ನಿಂತ ಎಳೆಯೇ ರೆಕ್ಕೆಯ ಬಲ.

ಅಂಟು ಮೂರು ಬಗೆ. ಹೆಚ್ಚಿನ ಕೆಲಸಕ್ಕೆ ನನಗೆ ಮರಗೆಲಸದ ಬಿಳಿ ಫೆವಿಕಾಲೇ ಇಷ್ಟ. ನಿಧಾನ ಒಣಗುತ್ತದೆ, ಸರಿಪಡಿಸಲು ಸಮಯ ಸಿಗುತ್ತದೆ. ರಾತ್ರಿಯಿಡೀ ಸೂಜಿ ತೆಗೆಯಬೇಡಿ, ಮಳೆಗಾಲವಾದರೆ ಇಡೀ ಒಂದು ದಿನ. ಮೋಟರ್ ಕೂರುವ ಹಲಗೆಗೆ ಮತ್ತು ಎರಡು ರೆಕ್ಕೆ ಸೇರುವ ಜಾಗಕ್ಕೆ 30 ನಿಮಿಷದ ಎಪಾಕ್ಸಿ, ಎರಡು ಟ್ಯೂಬಿನದನ್ನು ಬೆರೆಸುವ ಅಂಟು. ಮೂರನೆಯದು ನೀರಿನಂಥ ಸೂಪರ್ ಗ್ಲೂ. ಇದು ಗಾಳಿಯ ತೇವದಿಂದಲೇ ಗಟ್ಟಿಯಾಗುವುದು, ಹಾಗಾಗಿ ನಮ್ಮ ಕಡೆ ಬಾಟಲಿಯೊಳಗೇ ಬೇಗ ಕೆಡುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಒಂದು ಸಲ ಚೆಲ್ಲಿದ್ದನ್ನು ಕಾಟನ್ ಚಿಂದಿಯಲ್ಲಿ ಒರಸಿದೆ. ಚಿಂದಿ ಕೈಯಲ್ಲೇ ಸುಡಲು ಶುರುವಾಯಿತು, ಬಿಳಿ ಹೊಗೆ ಎದ್ದಿತು, ಬೆರಳಿಗೆ ಬೊಬ್ಬೆ ಬಂತು. ಹತ್ತಿ ಮತ್ತು ಈ ಅಂಟು ಸೇರಿದರೆ ಅಷ್ಟು ಬಿಸಿ ಹುಟ್ಟುತ್ತದೆ. ಕಾಟನ್ ಸೀರೆ, ಲುಂಗಿ ಉಟ್ಟವರು ತೊಡೆಯ ಮೇಲಿಟ್ಟು ಕೆಲಸ ಮಾಡಲೇಬೇಡಿ. ಕಿಟಕಿ ತೆರೆದಿರಲಿ.

ನಮ್ಮ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 1200 ಮಿಲಿಮೀಟರ್, ಅಗಲ 200. ಐಲರಾನ್, ಅಂದರೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ, ಇಲ್ಲ. ಬಾಲದಲ್ಲಿ ಎಡ ಬಲ ತಿರುಗಿಸುವ ರಡ್ಡರ್, ಮೂಗು ಮೇಲೆ ಕೆಳಗೆ ಮಾಡುವ ಎಲಿವೇಟರ್, ಮತ್ತೆ ಮೋಟರ್, ಮೂರೇ. ಹೊಸಬರಿಗೆ ಇದೇ ಸಾಕು. ಐಲರಾನ್ ಇಲ್ಲದ ಕಾರಣ ರೆಕ್ಕೆಗಳು ಮೇಲಕ್ಕೆ ಎದ್ದಿರಬೇಕು. ಒಂದು ರೆಕ್ಕೆಯನ್ನು ಮೇಜಿಗೆ ಒತ್ತಿಟ್ಟು, ಇನ್ನೊಂದರ ತುದಿ 120 ಮಿಲಿಮೀಟರ್ ಎತ್ತರಕ್ಕೆ ಬರುವಂತೆ ಪುಸ್ತಕ ಇಟ್ಟು ಎಪಾಕ್ಸಿಯಲ್ಲಿ ಸೇರಿಸಿ. ನಿಮ್ಮ ನಕ್ಷೆ ಬೇರೆ ಅಳತೆ ಹೇಳಿದರೆ ಅದನ್ನೇ ಹಿಡಿಯಿರಿ.

ಬಾಡಿ ಮತ್ತು ಬಾಲ ಕಷ್ಟವಲ್ಲ, ನಕ್ಷೆ ನೋಡಿದರೆ ಆಗುತ್ತದೆ. ರೆಕ್ಕೆಯ ಎರಡು ತುದಿಯಿಂದ ಬಾಲದ ನಡುವಿಗೆ ದಾರ ಎಳೆದು ಅಳತೆ ಒಂದೇ ಬರುತ್ತದಾ ನೋಡಿದರೆ ಸಾಕು.

ಹಾಳೆ ಬಿಗಿಯುವುದು ನನಗೆ ತುಂಬಾ ಇಷ್ಟದ ಕೆಲಸ. ಮೊದಲು 400 ನಂಬರಿನಲ್ಲಿ ಉಜ್ಜಿ, ಧೂಳನ್ನು ಪೂರ್ತಿ ಒರಸಿ. ಒಂದು ಕಾಳು ಧೂಳು ಉಳಿದರೂ ಹಾಳೆಯ ಕೆಳಗೆ ಗುಳ್ಳೆಯ ಹಾಗೆ ಕಾಣುತ್ತದೆ. ಕ್ಯಾನ್ವಾಸ್ ಅಂಟಿಸುವ ದೊಡ್ಡ ಇಸ್ತ್ರಿಪೆಟ್ಟಿಗೆ ಇದಕ್ಕೆ ಭಾರ ಜಾಸ್ತಿ. ಚಿಕ್ಕ ಇಸ್ತ್ರಿ ತರಿಸಿ, ತಳಕ್ಕೆ ಹಳೆಯ ಕಾಲುಚೀಲ ತೊಡಿಸಿ, ಗೀರು ಬೀಳುವುದಿಲ್ಲ. ನಾವು ಬಳಸಿದ ಹಾಳೆ 100 ಡಿಗ್ರಿಯಲ್ಲಿ ಅಂಟುತ್ತದೆ, 150ರ ಹತ್ತಿರ ಬಿಗಿಯುತ್ತದೆ. ನಿಮ್ಮ ಹಾಳೆಯ ಚೀಟಿ ಓದಿಕೊಳ್ಳಿ. ಮೊದಲು ಅಡಿಭಾಗ, ಆಮೇಲೆ ಮೇಲ್ಭಾಗ. ಸುತ್ತ ಅಂಚನ್ನು ಮಾತ್ರ ಹಿಡಿಸಿಕೊಂಡು ಬನ್ನಿ, ಅಂಚಿನಲ್ಲಿ ಆರು ಮಿಲಿಮೀಟರ್ ಒಂದರ ಮೇಲೊಂದು ಬರಲಿ. ಬಿಗಿಯುವಾಗ ಒಂದೇ ಬದಿಯನ್ನು ಮುಗಿಸಬೇಡಿ. ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ. ಒಂದೇ ಬದಿ ಎಳೆದರೆ ರೆಕ್ಕೆ ಆ ಕಡೆ ಬಾಗುತ್ತದೆ.

ಮುಗಿದ ಮೇಲೆ ರೆಕ್ಕೆಯನ್ನು ಹಿಂದಿನಿಂದ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ. ತಿರುಚು ಕಂಡರೆ ಒಬ್ಬರು ವಿರುದ್ಧ ದಿಕ್ಕಿಗೆ, ಸ್ವಲ್ಪ ಜಾಸ್ತಿಯೇ ತಿರುಚಿ ಹಿಡಿಯಬೇಕು, ಇನ್ನೊಬ್ಬರು ಎರಡೂ ಬದಿಗೆ ಇಸ್ತ್ರಿ ಆಡಿಸಬೇಕು. ಆರುವ ತನಕ ಕೈ ಬಿಡಬಾರದು. ನಮ್ಮಲ್ಲಿ ಮಗ ಹಿಡಿಯುತ್ತಾನೆ, ನಾನು ಇಸ್ತ್ರಿ ಆಡಿಸುತ್ತೇನೆ. ಮರುದಿನ ಬೆಳಿಗ್ಗೆ ಮತ್ತೆ ನೋಡಿ, ಕೆಲವು ಸಲ ತಿರುಚು ವಾಪಸ್ ಬರುತ್ತದೆ.

ಒಳಗಿನ ಸಾಮಾನು: 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಬ್ರಷ್‌ಲೆಸ್ ಮೋಟರ್, ಮೋಟರಿನ ವೇಗ ಹಿಡಿತದಲ್ಲಿಡುವ 30 ಆಂಪ್ ಇಎಸ್‌ಸಿ, ರಡ್ಡರ್, ಎಲಿವೇಟರ್ ಆಡಿಸುವ 9 ಗ್ರಾಮಿನ ಎರಡು ಸರ್ವೋ, ಮೂರು ಸೆಲ್ಲಿನ 2200 ಎಂಎಎಚ್ ಲಿಪೊ ಬ್ಯಾಟರಿ. ಎಲ್ಲ ಸೇರಿ ನಮ್ಮದು 900 ಗ್ರಾಂ ಬಂತು. ಸರ್ವೋ ಕೈ ಸಿಕ್ಕಿಸುವ ಮೊದಲು ರೇಡಿಯೋ ಆನ್ ಮಾಡಿ ನಡುವಿಗೆ ತನ್ನಿ. ಈ ಕೆಲಸ ಮುಗಿಯುವ ತನಕ ಪ್ರೊಪೆಲ್ಲರ್ ಬಿಚ್ಚಿಟ್ಟಿರಿ. ಹಿಂದೆ ನಿಂತು ನೋಡಿದಾಗ ರಿಮೋಟಿನ ಕಡ್ಡಿ ಬಲಕ್ಕೆ ಒತ್ತಿದರೆ ರಡ್ಡರ್ ಬಲಕ್ಕೆ ಹೋಗಬೇಕು, ನಿಮ್ಮ ಕಡೆ ಎಳೆದರೆ ಎಲಿವೇಟರ್ ಮೇಲೇಳಬೇಕು. ಬ್ಯಾಟರಿಯನ್ನು ಮನೆ ಖಾಲಿ ಇರುವಾಗ ಚಾರ್ಜಿಗೆ ಇಡಬೇಡಿ. ನಾವು ಹೊರಗೆ ಕೆಂಪುಕಲ್ಲಿನ ಕಟ್ಟೆಯ ಮೇಲೆ, ಕಣ್ಣೆದುರೇ ಇಡುತ್ತೇವೆ. ಪ್ರತಿ ಸೆಲ್ 4.2 ವೋಲ್ಟ್ ತುಂಬುತ್ತದೆ. 3.7ಕ್ಕೆ ಇಳಿಯುವಷ್ಟರಲ್ಲಿ ವಿಮಾನ ನೆಲದ ಮೇಲಿರಲಿ.

ಬ್ಯಾಟರಿ ಇಟ್ಟ ಮೇಲೆ ತೂಕದ ಮಧ್ಯ ನೋಡಿ. 200 ಮಿಲಿಮೀಟರ್ ಅಗಲದ ರೆಕ್ಕೆಗೆ ಅದು ಮುಂದಿನ ಅಂಚಿನಿಂದ 60ರಲ್ಲಿ ಬರಬೇಕು. ಆ ಜಾಗದಲ್ಲಿ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ. ಮೂಗು ಚೂರು ಕೆಳಗಿದ್ದರೆ ಪರವಾಗಿಲ್ಲ. ಬಾಲ ಇಳಿದರೆ ಹಾರಿಸಬೇಡಿ, ಬ್ಯಾಟರಿ ಮುಂದಕ್ಕೆ ಸರಿಸಿ.

ಹಾರಿಸುವ ಜಾಗಕ್ಕೆ ಮೊದಲು ಡ್ರೋನ್ ಹಾರಿಸುವವರಿಗೆ ಸರಕಾರ ಇಟ್ಟಿರುವ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು ವಲಯ ಹೌದಾ ನೋಡಿಕೊಳ್ಳಿ. ಡ್ರೋನ್ ನಿಯಮಗಳು 2021 ಒಮ್ಮೆ ಓದಿ. ನಮ್ಮ ಕಡೆ ವಿಶಾಲ ಜಾಗ ಅಂದರೆ ಪದವು, ಗುಡ್ಡದ ಮೇಲಿನ ಬಯಲು. ಆದರೆ ಕೆಂಪುಕಲ್ಲಿನ ನೆಲಕ್ಕೆ ಒಮ್ಮೆ ಹೊಟ್ಟೆ ತಾಗಿದರೆ ಹಾಳೆ ಹರಿಯುತ್ತದೆ. ಕೊಯ್ಲು ಮುಗಿದ ಗದ್ದೆಯೇ ಒಳ್ಳೆಯದು. ಗದ್ದೆಯವರ ಹತ್ತಿರ ಕೇಳಿಕೊಳ್ಳಿ. ತೆಂಗು, ಕಂಗು, ಕರೆಂಟ್ ತಂತಿ ದೂರ ಇರಲಿ. ಬೆಳಿಗ್ಗೆ ಎಂಟರ ಒಳಗೆ ಹೋಗಿ. ಮಧ್ಯಾಹ್ನದ ಹೊತ್ತಿಗೆ ಪಡುವಣ ಕಡಲಗಾಳಿ ಏಳುತ್ತದೆ, ಹೊಸಬರಿಗೆ ಅದು ಜಾಸ್ತಿಯಾಯಿತು. ಮೊದಲ ಹಾರಾಟಕ್ಕೆ ಅಭ್ಯಾಸ ಇರುವವರು ಯಾರಾದರೂ ಜೊತೆಗಿದ್ದರೆ ಚೆನ್ನ. ನಮ್ಮ ಎರಡನೇ ವಿಮಾನ ಹಾರಿದ್ದು ತಮ್ಮನ ಕೈಯಲ್ಲಿ, ಫೆಬ್ರವರಿಯ ಒಂದು ಭಾನುವಾರ. ಗಾಳಿಗೆ ಎದುರಾಗಿ, ಮೂಗು ಎತ್ತದೆ, ನೆಟ್ಟಗೆ ಬಿಡು ಅಂದ. ಬಿಟ್ಟೆ. ಸೊಟ್ಟ ಇಲ್ಲದೆ ಹೋಯಿತು. ಬೆಳಗಿನ ಬಿಸಿಲಿಗೆ ಹಾಳೆಯೊಳಗಿಂದ ರಿಬ್ಬುಗಳು ಒಂದೊಂದೂ ಕಾಣುತ್ತಿದ್ದವು.

ಮೇ ಕೊನೆಗೆ, ಮಳೆಗೆ ಮುಂಚೆ, ರೆಕ್ಕೆ ಬಿಚ್ಚಿ ಉದ್ದದ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿ ಬಾಯಿ ಕಟ್ಟಿಡಿ. ಗೋಡೆಗೆ ಒರಗಿಸಬೇಡಿ, ಮಲಗಿಸಿಡಿ. ಬ್ಯಾಟರಿ ಸೆಲ್ಲಿಗೆ 3.8 ವೋಲ್ಟಿನಲ್ಲಿ ಬೇರೆಯೇ ಇರಲಿ.